ಪ್ರಸ್ಥಾನದ ಗಂಟು

ಧನಕವಡಿ

ಆಫ್ರಿಕಾದಲ್ಲಿ ಮೂರು ವರ್ಷ ಇದ್ದು ಬಂದವಳು ಎಂದು ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, ಸಿಂಹ ನೋಡಿದಿರಾ ಎಂಬುದು. ನೋಡಿದೆ. ಮರದ ಬುಡದಲ್ಲಿ ಮಲಗಿ ಬಾಲದಿಂದ ನೊಣ ಓಡಿಸಿಕೊಳ್ಳುತ್ತಿತ್ತು. ಉಂಡು ಅಡ್ಡಾದ ಗಂಡಸರನ್ನು ನೋಡಿ ಅಭ್ಯಾಸವಿದ್ದ ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಆ ಪ್ರಯಾಣದಲ್ಲಿ ನನಗೆ ಮರೆಯಲಾಗದ್ದು ಬೇರೆ ಇದೆ. ಅದೊಂದು ಗಂಟು. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದ, ಎರಡು ಹಿಡಿ ಅಕ್ಕಿಯ ಗಂಟು. ಅದು ಪುಣೆ ಬಿಟ್ಟು ಆಚೆ ಹೋಗಲೇ ಇಲ್ಲ. ಆದರೂ ನಾನು ಹೇಳಬೇಕಾದದ್ದೆಲ್ಲ ಅದರ ಕಥೆಯೇ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮವರು ಬಾರಾಮತಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಕಬ್ಬು ಅರೆಯುವ ತಿಂಗಳುಗಳಲ್ಲಿ ಅಲ್ಲೇ ಉಳಿದು, ವಾರಕ್ಕೊಮ್ಮೆ ಪುಣೆಯ ಧನಕವಡಿಯ ನಮ್ಮ ಎರಡು ಕೋಣೆಯ ಬಾಡಿಗೆ ಮನೆಗೆ ಬಂದು ಹೋಗುತ್ತಿದ್ದರು. ಅಂಥವರಿಗೆ ಕೀನ್ಯಾ ದೇಶದ ಪಶ್ಚಿಮದಲ್ಲಿರುವ ಒಂದು ಕಬ್ಬಿನ ಎಸ್ಟೇಟಿನಿಂದ ಕೆಲಸಕ್ಕೆ ಕರೆ ಬಂತು. ಬಂಗಲೆ ಕೊಡುತ್ತಾರೆ, ಮಗಳ ಶಾಲೆಯ ಖರ್ಚು ಕೊಡುತ್ತಾರೆ, ಕುಟುಂಬವನ್ನೂ ಕರೆದುಕೊಂಡು ಬರಬಹುದು ಎಂದು ಇವರು ಕಾಗದ ಓದಿ ಹೇಳಿದರು. ಕಾಗದ ಇಂಗ್ಲಿಷಿನಲ್ಲಿತ್ತು. ಓದಿ ಹೇಳಿದ್ದಷ್ಟನ್ನು ನಾವು ಕೇಳಿಸಿಕೊಂಡೆವು.

ಕುಟುಂಬ ಎಂದರೆ ನಾಲ್ಕು ಜನ. ಇವರು, ನಾನು, ಹನ್ನೊಂದು ವರ್ಷದ ಮಗಳು ರೂಪಾ, ಮತ್ತು ಇವರ ಅಕ್ಕ ಗಂಗಕ್ಕ. ಗಂಗಕ್ಕನ ಗಂಡ ಮದುವೆಯಾದ ಎರಡನೆಯ ವರ್ಷಕ್ಕೇ ತೀರಿಕೊಂಡಿದ್ದ. ತಾಯಿಯಿಲ್ಲದ ತಮ್ಮನನ್ನು ಕಟ್ಟಿಕೊಂಡು ವಿಜಾಪುರದ ಕಡೆಯಿಂದ ಪುಣೆಗೆ ಬಂದು, ಒಂದು ಖಾನಾವಳಿಯಲ್ಲಿ ವರ್ಷಗಟ್ಟಲೆ ಜೋಳದ ರೊಟ್ಟಿ ಬಡಿದು ಅವನನ್ನು ಓದಿಸಿದವಳು. ಇವರ ಸಕ್ಕರೆಯ ವಿದ್ಯೆ ಪೂರಾ ಆಕೆಯ ಅಂಗೈಯಿಂದ ಬಂದದ್ದು. ನನ್ನ ಮದುವೆಯ ದಿನವೇ ನನಗೆ ಇದನ್ನು ನಾಲ್ಕು ಜನ ಹೇಳಿದ್ದರು. ಆಮೇಲೆ ಹದಿಮೂರು ವರ್ಷ ಆಕೆಯ ಅಡುಗೆಮನೆಯಲ್ಲಿ ನಾನು ಉಪ್ಪು ಎಲ್ಲಿದೆ ಎಂದು ಕೇಳಿಕೊಂಡೇ ಬದುಕಿದೆ. ಇದನ್ನೂ ಬರೆಯಬೇಕು, ಇಲ್ಲದಿದ್ದರೆ ಮುಂದಿನದು ಸುಳ್ಳಾಗುತ್ತದೆ.

ಗಂಗಕ್ಕನ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ ವಿಚಾರಣೆಗೆ ಒಬ್ಬ ಪೊಲೀಸ ಮನೆಗೆ ಬಂದ. ಆಫ್ರಿಕಾಕ್ಕೆ ಯಾಕೆ ಹೊರಟಿರಿ ಆಜೀ ಎಂದು ಮರಾಠಿಯಲ್ಲಿ ಕೇಳಿದ. ಆಕೆ ಹಿಂದೆಮುಂದೆ ನೋಡದೆ "ಭಾಕರೀ ಕರಾಯಲಾ," ಎಂದಳು. ರೊಟ್ಟಿ ಮಾಡುವುದಕ್ಕೆ. ಪೊಲೀಸನಿಗೆ ನಗು ತಡೆಯಲಾಗಲಿಲ್ಲ. ಅವನಿಗೂ ಒಂದು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಕಳಿಸಿದಳು.

ಆಮೇಲೆ ಮುಂಬೈಗೆ ಹೋಗಿ ನಾಲ್ವರೂ ಹಳದಿ ಜ್ವರದ ಸೂಜಿ ಚುಚ್ಚಿಸಿಕೊಂಡು ಬಂದೆವು. ಚುಚ್ಚಿಸಿಕೊಂಡದ್ದಕ್ಕೆ ಸಾಕ್ಷಿಯಾಗಿ ಒಬ್ಬೊಬ್ಬರಿಗೂ ಅಂಗೈಯಗಲದ ಒಂದು ಹಳದಿ ಪುಸ್ತಕ ಕೊಟ್ಟರು. ಅದಿಲ್ಲದೆ ಆಫ್ರಿಕಾದಲ್ಲಿ ಕಾಲಿಡಲು ಬಿಡುವುದಿಲ್ಲ ಎಂದು ಇವರು ಹೇಳಿದರು. ಗಂಗಕ್ಕ ತನ್ನದನ್ನು ಅರಿಷಿಣ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಳು. ನಾಲ್ಕನೆಯ ಇಯತ್ತೆಯವರೆಗೆ ಓದಿದ ಆಕೆಗೆ ತನ್ನ ಹೆಸರಿದ್ದ ಪುಸ್ತಕ ಅಂತ ಕೈಗೆ ಸಿಕ್ಕದ್ದು ಅದೊಂದೇ, ಪಾಸ್‌ಪೋರ್ಟನ್ನು ಇವರೇ ಇಟ್ಟುಕೊಂಡಿದ್ದರು.

ಪಡುವಣ ಓಣಿ

ವಿಮಾನ ಭಾನುವಾರ ಮಧ್ಯಾಹ್ನಕ್ಕಿತ್ತು. ಗಂಗಕ್ಕ ಪಂಚಾಂಗ ಬಿಡಿಸಿ ನೋಡಿ ಕೆನ್ನೆ ಬಡಿದುಕೊಂಡಳು. ಭಾನುವಾರ ಪಡುವಣಕ್ಕೆ ಶೂಲ, ಅವತ್ತು ಆ ದಿಕ್ಕಿಗೆ ಹೊರಡಬಾರದು. ಆಫ್ರಿಕಾ ಇರುವುದೋ ಪಡುವಣಕ್ಕೇ. ಇದಕ್ಕೆ ನಮ್ಮಲ್ಲಿ ಒಂದು ಉಪಾಯವಿದೆ. ಒಳ್ಳೆಯ ದಿನ ನೋಡಿ, ನಮ್ಮದೊಂದು ಗಂಟನ್ನು ಹೊರಡುವ ದಿಕ್ಕಿನಲ್ಲಿರುವ ಬೇರೊಬ್ಬರ ಮನೆಯಲ್ಲಿ ಇಟ್ಟು ಬರುವುದು. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆ. ಮುಂದೆ ಎಂದು ಹೋದರೂ ದೋಷವಿಲ್ಲ, ಹೋಗುವಾಗ ಗಂಟು ಎತ್ತಿಕೊಂಡು ಹೋದರಾಯಿತು. ಒಂದೇ ಕಟ್ಟಳೆ: ಹೊರಬಿದ್ದ ಗಂಟು ಮತ್ತೆ ನಮ್ಮ ಹೊಸ್ತಿಲು ದಾಟಿ ಒಳಗೆ ಬರಬಾರದು.

ಗುರುವಾರ ಬೆಳಿಗ್ಗೆ ಗಂಗಕ್ಕ ಗಂಟು ಕಟ್ಟಲು ಕುಳಿತಳು. ಅಕ್ಕಿ, ಅರಿಷಿಣದ ಪುಡಿ, ಅಡಿಕೆ, ಒಂದು ರೂಪಾಯಿ. ಪ್ರತಿಯೊಬ್ಬರದೂ ಒಂದೊಂದು ವಸ್ತು ಇರಬೇಕು. ಇವರ ಕರವಸ್ತ್ರ, ನನ್ನದೊಂದು ಕುಪ್ಪಸದ ಖಣ, ರೂಪಾಳ ರಿಬ್ಬನ್ನು ಬಂದವು.

"ನಂದೇನ್ ಇಡಬೇಕು ಈಗ? ಉಟ್ಟ ಸೀರಿ ಬಿಟ್ರ ನಂದಂತ ಏನದ," ಎಂದು ಆಕೆ ನಕ್ಕಳು.

ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ ಇವರು ಒಳಗೆ ಬಂದು ಹೇಳಿದರು, "ಅಕ್ಕಾ, ನಿನ್ನ ಹಳದಿ ಪುಸ್ತಕ ಇಡು. ಆಫ್ರಿಕಾಕ್ಕ ಹೋಗೂದು ಅದರ ಮ್ಯಾಲೆ ಅಲ್ಲೇನು? ಅದು ಹೊಂಟ್ರ ನೀ ಹೊಂಟಂಗ."

ಆಕೆಯ ಮುಖ ಅರಳಿತು. "ನೋಡು ಶಾಂತಾ, ಇಷ್ಟ ಓದ್ಯಾನ, ಆದ್ರೂ ಶಾಸ್ತ್ರ ಬಿಟ್ಟಿಲ್ಲ ನನ್ನ ತಮ್ಮ."

ನನಗೂ ಆಶ್ಚರ್ಯವೇ ಆಯಿತು. ಇವರು ಅಲ್ಲಿಯವರೆಗೆ ಪಂಚಾಂಗದ ಹಾಳೆಯನ್ನು ಉಪಯೋಗಿಸಿದ್ದು ಷೂ ಒಳಗೆ ತುರುಕಲು ಮಾತ್ರ. ಪುಸ್ತಕವನ್ನು ಅಕ್ಕಿಯ ನಡುವೆ ಇಟ್ಟು ಗಂಟು ಬಿಗಿದು, ಹಿಂದಿನ ಓಣಿಯಲ್ಲಿದ್ದ ಶಿಂದೆಬಾಯಿಯ ಮನೆಯ ಕಪಾಟಿನಲ್ಲಿ ಇಟ್ಟು ಬಂದೆವು. ಶಿಂದೆಬಾಯಿ ಗಂಗಕ್ಕನ ಹಳೆಯ ಗೆಳತಿ, ಅವಳ ಮನೆ ಸರಿಯಾಗಿ ಪಡುವಣಕ್ಕಿತ್ತು. ಶನಿವಾರ ಸಂಜೆ ಇವರು, ಶಿಂದೆಯವರಿಗೆ ಹೇಳಿ ಬರುತ್ತೇನೆ ಎಂದು ಒಬ್ಬರೇ ಹೋದರು. ಅರ್ಧ ಗಂಟೆಯಲ್ಲಿ ಬಂದು, ಸೋಪು ಹಚ್ಚಿ ಕೈ ತೊಳೆದು ಊಟಕ್ಕೆ ಕುಳಿತರು.

ಭಾನುವಾರ ಬೆಳಿಗ್ಗೆ ಮನೆಯ ಕೀಲಿ ಮಾಲೀಕರಿಗೆ ಕೊಟ್ಟು, ಬಾಡಿಗೆಯ ಸುಮೋ ಹತ್ತಿ, ಶಿಂದೆಯವರ ಬಾಗಿಲಿಗೆ ಹೋದರೆ ಅಲ್ಲಿ ಬೀಗ. ಪಕ್ಕದ ಮನೆಯಾಕೆ ಹೊರಗೆ ಬಂದು, ಅವರೆಲ್ಲ ಬಾರಾಮತಿಗೆ ನಿಶ್ಚಿತಾರ್ಥಕ್ಕೆ ಹೋಗಿದ್ದಾರೆ, ನಾಳೆಯೇ ಬರುವುದು ಎಂದಳು. ಗಂಗಕ್ಕ ಬೀಗವನ್ನು ಹಿಡಿದು ಎರಡು ಸಲ ಜಗ್ಗಿದಳು.

"ಅಯ್ಯ, ಈಕಿ ನನಗ ಒಂದ್ ಮಾತೂ ಹೇಳ್ಲಿಲ್ಲಲ್ಲ! ತಮ್ಮಾ, ನಿನ್ನೆ ನೀ ಬಂದಾಗ ಏನಾರ ಅಂದಳೇನು?"

"ನನಗೇನ್ ಗೊತ್ತು ಅಕ್ಕಾ. ನಾ ಬಾಗಲದಾಗ ನಿಂತು ಹೇಳಿ ಬಂದೆ," ಎಂದು ಇವರು ಗಡಿಯಾರ ನೋಡಿಕೊಂಡರು. "ನಿಂದ್ರಲಿಕ್ಕೆ ಹೊತ್ತಿಲ್ಲ. ಹತ್ತ್ರಿ ಎಲ್ಲಾರೂ. ಮುಂಬೈದಾಗ ಟಿಕೀಟ್ ಏಜೆಂಟನ್ನ ಕೇಳಿ ನೋಡೂಣು."

ಖಂಡಾಳಾ ಘಾಟು

ಈ ದಾರಿಯನ್ನು ಜನ ಹಸಿರು, ಮಂಜು ಎಂದು ವರ್ಣಿಸುತ್ತಾರೆ. ನನಗೆ ಕಂಡದ್ದು ಮುಂದಿನ ಸೀಟಿನಲ್ಲಿದ್ದ ಇವರ ಹಿಂದಲೆ ಮತ್ತು ಪಕ್ಕದಲ್ಲಿ ಗಂಗಕ್ಕನ ತುಟಿ. ತುಟಿ ಜಪ ಮಾಡುತ್ತಿತ್ತು. ಘಾಟಿನ ಮೂರನೆಯ ತಿರುವಿನಲ್ಲಿ ರೂಪಾ ವಾಂತಿ ಮಾಡಿಕೊಂಡಳು, ಅದೂ ಗಂಗಕ್ಕನ ತೊಡೆಯ ಮೇಲೆ, ವಿಮಾನಕ್ಕೆಂದು ತಂದಿದ್ದ ಹೊಸ ಸೀರೆಯ ಮೇಲೆ. ರಸ್ತೆ ಬದಿಯ ನಲ್ಲಿಯ ಹತ್ತಿರ ಗಾಡಿ ನಿಲ್ಲಿಸಿದೆವು. ಆಕೆ ಮೊದಲು ರೂಪಾಳ ಬಾಯಿ ತೊಳೆಸಿ, ಆಮೇಲೆ ನೆರಿಗೆ ಹಿಂಡಿಕೊಂಡು, ಒದ್ದೆ ಸೀರೆಯಲ್ಲೇ ಬಂದು ಕುಳಿತಳು.

"ಅಪಶಕುನ ಅಲ್ಲ ಬಿಡು, ಪಿತ್ತ ಅದು," ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅಲ್ಲಿಂದ ಇವರ ಮಾತು ಶುರುವಾಯಿತು. "ಶಾಸ್ತ್ರ ಶಾಸ್ತ್ರ ಅಂತ ಕುಣದ್ರ ಹಿಂಗ ಆಗ್ತದ. ಕಾಗದಪತ್ರ ಯಾರರ ಅಕ್ಕ್ಯಾಗ ಕಟ್ಟಿ ಮಂದಿ ಮನ್ಯಾಗ ಇಡ್ತಾರೇನು? ಈಗ ಅಲ್ಲಿ ಇಳಿದ್ರ ಹಿಡಿದು ದವಾಖಾನ್ಯಾಗ ಕೂಡಿ ಹಾಕ್ತಾರ. ಹತ್ತ್ ದಿನ. ಯಾರ್ ಬಿಡಿಸ್ಯಾರು?"

ನೀವೇ ಇಡು ಅಂದಿರಲ್ಲ ಎಂದು ನನ್ನ ಬಾಯಿಗೆ ಬಂದದ್ದು ನಿಜ. ಆದರೆ ಗಂಗಕ್ಕ ನನಗಿಂತ ಮೊದಲೇ ಮಾತಾಡಿದಳು. "ತಪ್ಪಾತು ತಮ್ಮಾ. ನನಗ ತಿಳೀಲಿಲ್ಲ. ನೀ ಬಿ.ಪಿ. ಏರಿಸ್ಕೊಬ್ಯಾಡ." ರೂಪಾ ಆಕೆಯ ಒದ್ದೆ ತೊಡೆಯ ಮೇಲೆ ತಲೆ ಇಟ್ಟು ಪನವೇಲ್‌ವರೆಗೂ ನಿದ್ದೆ ಮಾಡಿದಳು.

ಮುಂಬೈ, ವಿಮಾನ ನಿಲ್ದಾಣದ ಬಾಗಿಲು

ಟಿಕೀಟು ಇದ್ದವರಿಗೆ ಮಾತ್ರ ಒಳಗೆ ಪ್ರವೇಶ. ನಮ್ಮನ್ನು ಗಾಡಿಯ ಹತ್ತಿರ ನಿಲ್ಲಿಸಿ ಇವರು, ಏಜೆಂಟನ್ನು ಕೇಳಿ ಬರುತ್ತೇನೆ ಎಂದು ಜನರ ನಡುವೆ ಮರೆಯಾದರು. ಸುತ್ತಲೂ ಮದುವೆ ಮನೆಯ ಗದ್ದಲ. ಒಬ್ಬೊಬ್ಬರನ್ನು ಕಳಿಸಲು ಹದಿನೈದು ಜನ, ಹೂವಿನ ಹಾರ, ಅಳು. ನಮ್ಮನ್ನು ಕಳಿಸಲು ಯಾರೂ ಬಂದಿರಲಿಲ್ಲ. ಯಾಕೆಂದರೆ ಕಳಿಸಬೇಕಾದವಳು ನಮ್ಮ ಜೊತೆಗೇ ಹೊರಟಿದ್ದಳು.

ಹತ್ತು ನಿಮಿಷದಲ್ಲಿ ಇವರು ತಲೆಯಾಡಿಸುತ್ತ ಬಂದರು. "ಆಗೂದಿಲ್ಲಂತ ಅಕ್ಕಾ. ಪುಸ್ತಕ ಇಲ್ಲದ ಬಿಡೂದಿಲ್ಲಂತ. ನೀ ಈಗ ವಾಪಸ್ ಹೋಗು. ಪುಸ್ತಕ ತಗೊಂಡು ಇರು, ನಾ ಅಲ್ಲಿ ಹೋಗಿ ಎರಡ್ ತಿಂಗಳದಾಗ ಟಿಕೀಟ್ ಕಳಿಸ್ತೀನಿ."

ಯಾವ ಏಜೆಂಟು, ಎಲ್ಲಿ ಕುಳಿತಿದ್ದಾನೆ, ನಾನೂ ಒಂದು ಮಾತು ಕೇಳಲೇ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಇವರ ಕೈಯಲ್ಲಿ ಟಿಕೀಟುಗಳಿದ್ದವು. ಅವು ನಾಲ್ಕೋ ಮೂರೋ ಎಂದು ಎಣಿಸಲು ಕನ್ನಡಕ ಬೇಕಿರಲಿಲ್ಲ. ನಾನು ಬೇರೆ ಕಡೆ ನೋಡಿದೆ. ಆಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ಎರಡು ತಿಂಗಳು ನನ್ನದೇ ಒಂದು ಅಡುಗೆಮನೆ ಇರುತ್ತದೆ ಎಂದು ಹೊಳೆಯಿತು, ಹೊಳೆದಾಗ ಹಿತವೆನಿಸಿತು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಗಂಗಕ್ಕ ಅಳಲಿಲ್ಲ. ಫುಟ್‌ಪಾತಿನ ಮೇಲೆ ಕುಳಿತು ತನ್ನ ಚೀಲ ಬಿಚ್ಚಿದಳು. ತನ್ನ ಮೂರು ಸೀರೆ ತೆಗೆದು ಬದಿಗಿಟ್ಟಳು. ಅಡಿಯಲ್ಲಿ ಬಟ್ಟೆ ಸುತ್ತಿದ ಕಬ್ಬಿಣದ ಹಂಚು, ಕಟಕ ರೊಟ್ಟಿಯ ಡಬ್ಬಿ, ಚಟ್ನಿಪುಡಿ ಇದ್ದವು.

"ಇದನ್ನ ನೀವ್ ಒಯ್ರಿ. ಶಾಂತಾ, ಹಂಚಿಗೆ ಸೋಪ್ ಹಚ್ಚಬ್ಯಾಡ, ಬೂದಿಲೆ ತಿಕ್ಕು. ಆ ದೇಶದಾಗ ಜೋಳ ಸಿಗ್ತಾವಂತ."

"ಗಂಗತ್ತಿ, ನೀ ಬರೂದಿಲ್ಲಾ?" ಎಂದು ರೂಪಾ ಕೇಳಿದಳು. ಚಿಕ್ಕಂದಿನಿಂದ ಆಕೆಯ ಮಗ್ಗುಲಲ್ಲೇ ಮಲಗಿ ಬೆಳೆದ ಹುಡುಗಿ.

"ಬರ್ತೀನವ್ವಾ. ನನ್ನ ಪುಸ್ತಕ ಮುಂದ ಹೋಗ್ಯದ, ನಾ ಹಿಂದ ಉಳದೀನಿ ಅಷ್ಟ. ಅದನ್ನ ಹಿಡಕೊಂಡು ಬರ್ತೀನಿ."

ಧನಕವಡಿಯ ಮನೆ ಬಿಟ್ಟುಕೊಟ್ಟಾಗಿತ್ತು. ಆಕೆ ಎಲ್ಲಿಗೆ ಹೋಗಬೇಕು? ಇವರು ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದು ಸುಮೋ ಚಾಲಕನಿಗೆ ಕೊಟ್ಟರು. ಪುಣೆಯ ಯೆರವಡಾದಲ್ಲಿರುವ ತಮ್ಮ ಚಿಕ್ಕಪ್ಪನ ಮಗನ ವಿಳಾಸ, ಮರಾಠಿಯಲ್ಲಿ, ಗುಂಡಗೆ ಬರೆದದ್ದು. ಓಡುವ ಗಾಡಿಯಲ್ಲಿ ಅಷ್ಟು ಗುಂಡಗೆ ಬರೆಯಲು ಬರುವುದಿಲ್ಲ. ಅದನ್ನೂ ನಾನು ನೋಡಿದೆ, ನೋಡಿ ಸುಮ್ಮನಿದ್ದೆ.

ನೈರೋಬಿ

ಊಟ ಬಂದಾಗ ವಿಮಾನದ ಹುಡುಗಿ ಕೊಟ್ಟ ಬ್ರೆಡ್ಡನ್ನು ಬದಿಗಿಟ್ಟು ರೂಪಾ ಕಟಕ ರೊಟ್ಟಿ ಕೇಳಿದಳು. ಮುರಿದಾಗ ಆದ ಸದ್ದಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಇವರಿಗೆ ನಾಚಿಕೆಯಾಯಿತು. ಆದರೂ ಎರಡು ತಿಂದರು.

ನೈರೋಬಿಯಲ್ಲಿ ಇಳಿದಾಗ ಸಂಜೆ ಆರು. ಪುಣೆಯ ಡಿಸೆಂಬರಿನ ಹಾಗೆ ತಣ್ಣಗಿತ್ತು. ಆಫ್ರಿಕಾ ಎಂದರೆ ಉರಿಬಿಸಿಲು ಎಂದು ಸ್ವೆಟರುಗಳನ್ನು ದಾನ ಮಾಡಿ ಬಂದ ನಾವು ನಡುಗುತ್ತ ಸಾಲಿನಲ್ಲಿ ನಿಂತೆವು. ನನ್ನ ಜೀವವೆಲ್ಲ ಹಳದಿ ಪುಸ್ತಕಗಳಲ್ಲಿತ್ತು. ನಮ್ಮ ಮೂರನ್ನೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ. ಯಾವ ಗಳಿಗೆಯಲ್ಲಿ ಕೇಳುತ್ತಾರೋ, ಯಾವ ದವಾಖಾನೆಗೆ ಒಯ್ಯುತ್ತಾರೋ.

ಯಾರೂ ಕೇಳಲಿಲ್ಲ. ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದರು, ಇವರ ಕೆಲಸದ ಕಾಗದ ನೋಡಿದರು, ಜಂಬೋ ಎಂದು ಅಲ್ಲಿಯ ಭಾಷೆಯಲ್ಲಿ ನಮಸ್ಕಾರ ಹೇಳಿ ನಕ್ಕರು. ನಾನೇ ಪುಸ್ತಕಗಳನ್ನು ಮುಂದೆ ಚಾಚಿದೆ. ಆ ಅಧಿಕಾರಿ ಕೈಯಾಡಿಸಿ, ಒಳಗಿಟ್ಟುಕೊಳ್ಳಮ್ಮಾ ಎಂಬಂತೆ ಸನ್ನೆ ಮಾಡಿದ. ನಾನು ಇವರ ಕಡೆ ತಿರುಗಿದೆ.

"ರೀ, ಯಾರೂ ನೋಡ್ಲೇ ಇಲ್ಲಲ್ರಿ ಇದನ್ನ?"

"ಒಮ್ಮೊಮ್ಮೆ ನೋಡ್ತಾರ, ಒಮ್ಮೊಮ್ಮೆ ಇಲ್ಲ. ನಸೀಬು," ಎಂದು ಹೇಳಿ ಇವರು ಸಾಮಾನಿನ ಕಡೆ ನಡೆದರು.

ಆದರೆ ಹಂಚನ್ನು ನೋಡಿದರು. ಚೀಲ ಬಿಚ್ಚಿಸಿದ ಕಸ್ಟಮ್ಸ್ ಹೆಂಗಸು ಆ ಕಪ್ಪು ಕಬ್ಬಿಣವನ್ನು ಎರಡೂ ಕೈಯಲ್ಲಿ ಎತ್ತಿ, ಇದೇನು ಎಂದಳು. ನಾನು ಅಂಗೈ ಮೇಲೆ ಅಂಗೈ ಬಡಿದು ತೋರಿಸಿದೆ. ಅವಳ ಮುಖ ಬೆಳಗಿತು. "ಚಪಾತಿ!" ಎಂದಳು. ಅಲ್ಲ, ರೊಟ್ಟಿ ಎಂದೆ. ಆ ದೇಶದಲ್ಲಿ ಚಪಾತಿ ಎಲ್ಲರಿಗೂ ಗೊತ್ತು, ರೊಟ್ಟಿ ಗೊತ್ತಿಲ್ಲ. ಅವಳು ಹಂಚಿನ ಹಿಂಬದಿಯನ್ನು ಸವರಿ, ತುಂಬ ಕೆಲಸ ಮಾಡಿದೆ ಇದು ಎಂದು ಇಂಗ್ಲಿಷಿನಲ್ಲಿ ಹೇಳಿ ಜೋಪಾನವಾಗಿ ಸುತ್ತಿ ಕೊಟ್ಟಳು. ಹೌದು ತಾಯಿ, ತುಂಬ ಕೆಲಸ ಮಾಡಿದೆ.

ನಕೂರು ದಾರಿ

ಮರುದಿನ ಬೆಳಿಗ್ಗೆ ಎಸ್ಟೇಟಿನ ಜೀಪು ಬಂತು. ಚಾಲಕನ ಹೆಸರು ಒಟಿಯೆನೊ. ಎತ್ತರದ ಆಳು, ಮಾತಿನಲ್ಲಿ ಮೃದು. ನಾವು ಹತ್ತಿದ ಕೂಡಲೇ ಹೊರಡಲಿಲ್ಲ. ತಿರುಗಿ ಕುಳಿತು ವಿಚಾರಿಸಲು ಶುರುಮಾಡಿದ. ಚೆನ್ನಾಗಿ ನಿದ್ದೆ ಬಂತೇ? ಮಗು ಹೇಗಿದ್ದಾಳೆ? ಊರಲ್ಲಿ ಮಳೆ ಬಂದಿದೆಯೇ? ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ? ಪುಣೆಯಲ್ಲಿ ಯಾರಾದರೂ ಹೀಗೆ ಕೇಳಿದರೆ ಸಾಲ ಕೇಳಲು ಬಂದಿದ್ದಾನೆ ಎಂದು ತಿಳಿಯಬೇಕು. ಇಲ್ಲಿ ಕೇಳದೆ ಇದ್ದರೆ ಅಸಭ್ಯ.

"ಮನೆಯಲ್ಲಿ ಯಾರನ್ನು ಬಿಟ್ಟು ಬಂದಿರಿ?" ಎಂದೂ ಕೇಳಿದ.

ಇವರು ಕಿಟಕಿಯ ಗಾಜು ಏರಿಸುತ್ತಿದ್ದರು. ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ರೂಪಾಳೇ ಉತ್ತರ ಕೊಟ್ಟಳು: ನಮ್ಮ ಅತ್ತೆಯನ್ನು. ಅಪ್ಪನ ಅಕ್ಕ. ಅವಳೇ ಅಪ್ಪನನ್ನು ಸಾಕಿದ್ದು.

ಒಟಿಯೆನೊ ಇವರ ಮುಖ ನೋಡಿ ಗಾಡಿ ಚಾಲು ಮಾಡಿದ.

ದಾರಿಯಲ್ಲಿ ಒಂದು ಕಡೆ ನೆಲ ದಿಢೀರನೆ ಕುಸಿದು, ನೂರಾರು ಹಳ್ಳಿಗಳು ಹಿಡಿಸುವಂಥ ಕಣಿವೆ ಕಾಣಿಸಿತು. ಇಳಿದು ನೋಡಿ ಎಂದು ಅವನೇ ನಿಲ್ಲಿಸಿದ. ರೂಪಾ ಕಣಿವೆಯ ಕಡೆ ಬೆನ್ನು ಮಾಡಿ ನಿಂತಳು. ಗಂಗತ್ತಿ ಬಂದ ಮೇಲೆ ಕೂಡಿ ನೋಡುತ್ತೇನೆ ಎಂಬುದು ಅವಳ ಹಟ. ಇವರು ಬೈದರೂ ತಿರುಗಲಿಲ್ಲ.

ನಕೂರು ಊರು ದಾಟಿದ ಮೇಲೆ ರಸ್ತೆ ಬದಿಯಲ್ಲಿ ತರಕಾರಿ ಅಂಗಡಿಗಳ ಸಾಲು. ಒಟಿಯೆನೊ ಕೇಳದೆ ಅಲ್ಲಿ ಗಾಡಿ ನಿಲ್ಲಿಸಿದ. ಸೀಟಿನ ಕೆಳಗಿಂದ ಒಂದು ಸಕ್ಕರೆಯ ಪೊಟ್ಟಣ ತೆಗೆದು, ಎಲೆಕೋಸಿನ ರಾಶಿಯ ಹಿಂದೆ ಕುಳಿತಿದ್ದ ದಪ್ಪನೆಯ ಹೆಂಗಸಿಗೆ ಎರಡೂ ಕೈಯಿಂದ ಕೊಟ್ಟ. ಅವಳು ಅವನ ಕಾಲರು ಸರಿ ಮಾಡಿ, ಏನೋ ಗದರಿ, ನಾಲ್ಕು ಜೋಳದ ತೆನೆ ಕೊಟ್ಟು ಕಳಿಸಿದಳು. ಸುಟ್ಟ ಗೋವಿನಜೋಳ. ವಾಪಸು ಬಂದು ಅವನು ಹೇಳಿದ, ನನ್ನ ಅಕ್ಕ. ನನ್ನ ಶಾಲೆಯ ಫೀ ಕಟ್ಟಿದವಳು. ಈ ದಾರಿಯಲ್ಲಿ ಹೋಗಿಯೂ ನಿಲ್ಲಿಸದಿದ್ದರೆ ನಮ್ಮ ಊರಿನಲ್ಲಿ ನನಗೆ ಯಾರೂ ನೀರು ಕೊಡುವುದಿಲ್ಲ.

"ಇನ್ನೂ ಎಷ್ಟು ದೂರ?" ಎಂದು ಇವರು ಕೇಳಿದರು.

ಅವರ ಪಾಲಿನ ತೆನೆ ಸಂಜೆಯವರೆಗೆ ಗಾಡಿಯಲ್ಲೇ ಉಳಿಯಿತು.

ಕಬ್ಬಿನ ಎಸ್ಟೇಟು

ಬಂಗಲೆ ಎಂದರೆ ಬಂಗಲೆಯೇ. ಅಡುಗೆಮನೆ ನಮ್ಮ ಧನಕವಡಿಯ ಎರಡೂ ಕೋಣೆಗಳಷ್ಟಿತ್ತು. ಉಪ್ಪಿನ ಡಬ್ಬಿಯನ್ನು ನನಗೆ ಬೇಕಾದ ಕಡೆ ಇಟ್ಟೆ. ಮರುದಿನ ಬೇರೆ ಕಡೆ ಇಟ್ಟೆ. ಕೇಳುವವರಿಲ್ಲ. ಮೂರನೆಯ ದಿನಕ್ಕೆ ಉಪ್ಪು ಎಲ್ಲಿದೆ ಎಂದು ನಾನೇ ಹುಡುಕುತ್ತಿದ್ದೆ.

ಕೆಲಸಕ್ಕೆ ಬರುತ್ತಿದ್ದ ಅಕಿನ್ಯಿ ಎಂಬಾಕೆ ಸಂತೆಯಿಂದ ಜೋಳದ ಹಿಟ್ಟು ತಂದುಕೊಟ್ಟಳು. ಅಲ್ಲಿಯದು ಕೆಂಪು ಜೋಳ, ಗಂಜಿ ಕಾಸುವುದಕ್ಕೆ ಉಪಯೋಗಿಸುತ್ತಾರೆ. ಗಂಗಕ್ಕನ ಹಂಚು ಇಟ್ಟು ರೊಟ್ಟಿ ಬಡಿದೆ. ಬಡಿದೆ ಎನ್ನುವುದು ದೊಡ್ಡ ಮಾತು. ಹದಿಮೂರು ವರ್ಷ ಬಡಿಯುವ ಸದ್ದು ಕೇಳಿದ್ದೆನೇ ಹೊರತು ಬಡಿದಿರಲಿಲ್ಲ. ಹರಿದ, ದಪ್ಪ ಅಂಚಿನ, ಇಟ್ಟಿಗೆ ಬಣ್ಣದ ಒಂದು ವಸ್ತು ತಯಾರಾಯಿತು. ಬಾಯಿಗೆ ಇಟ್ಟರೆ ಒಗರು. ರೂಪಾ ತಟ್ಟೆ ಸರಿಸಿದಳು. ಇವರು, ಎಲ್ಲ ಅಕ್ಕನ ಪ್ರಸ್ಥಾನದ ಹುಚ್ಚಿನಿಂದ ಆದದ್ದು, ಆಕೆ ಇದ್ದಿದ್ದರೆ ಬಾಯಿಗೆ ರುಚಿಯಾದರೂ ಇರುತ್ತಿತ್ತು ಎಂದರು. ಆ 'ಪ್ರಸ್ಥಾನದ ಹುಚ್ಚು' ಎಂಬ ಮಾತು ಅಷ್ಟರಲ್ಲಿ ಮನೆಮಾತಾಗಿತ್ತು. ಎಸ್ಟೇಟಿನ ಬೇರೆ ಭಾರತೀಯ ಮನೆಗಳಲ್ಲೂ ಇವರು ಅದನ್ನು ಹೇಳಿ ನಗಿಸಿ ಬಂದಿದ್ದರು.

ಐದನೆಯ ದಿನ ರೂಪಾಳನ್ನು ಶಾಲೆಗೆ ಸೇರಿಸಬೇಕು, ಅವಳ ಜನ್ಮದಾಖಲೆ ಬೇಕು. ಇವರು ಕಾರ್ಖಾನೆಗೆ ಹೋಗಿದ್ದರು. ನಾನು ಇವರ ಫೈಲು ತೆಗೆದೆ. ಜನ್ಮದಾಖಲೆ ಸಿಕ್ಕಿತು. ಅದರ ಹಿಂದೆ ಕೆಲಸದ ಕಾಗದ. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಬಲ್ಲೆ. ಕುಟುಂಬ ಎಂದರೆ ಹೆಂಡತಿ ಮತ್ತು ಮಕ್ಕಳು, ಬೇರೆ ಯಾರಿಗೂ ಪರವಾನಗಿ ಇಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕಾಗದ ಬಂದು ಆರು ತಿಂಗಳಾಗಿತ್ತು.

ಅದರ ಹಿಂದೆ ಒಂದು ಹಳದಿ ಪುಸ್ತಕ. ನಮ್ಮ ಮೂರೂ ನನ್ನ ಪರ್ಸಿನಲ್ಲಿದ್ದವು. ಬಿಡಿಸಿದೆ. ಒಳಗಿನಿಂದ ಎರಡು ಅಕ್ಕಿಕಾಳು ನನ್ನ ತೊಡೆಯ ಮೇಲೆ ಬಿದ್ದವು. ಹಾಳೆಯ ಅಂಚಿಗೆಲ್ಲ ಅರಿಷಿಣ ಹತ್ತಿತ್ತು. ಕೆಳಗೆ ಕನ್ನಡದಲ್ಲಿ ಗಂಗಕ್ಕನ ಸಹಿ, 'ಗಂಗಾ'ದ ಸೊನ್ನೆಯನ್ನು ಆಕೆ ಯಾವಾಗಲೂ ರೊಟ್ಟಿಯ ಹಾಗೆ ದೊಡ್ಡದಾಗಿ ಬರೆಯುತ್ತಾಳೆ.

ಶನಿವಾರ ಸಂಜೆ ಸೋಪು ಹಚ್ಚಿ ತೊಳೆದ ಕೈ ನೆನಪಾಯಿತು. ಶಿಂದೆಬಾಯಿ ಬಾರಾಮತಿಗೆ ಹೋಗುವುದು ಇವರಿಗೆ ಮೊದಲೇ ಗೊತ್ತಿತ್ತು, ಅಕ್ಕನಿಗೆ ನಾನೇ ಹೇಳುತ್ತೇನೆ ಎಂದು ಅವಳನ್ನು ಒಪ್ಪಿಸಿರಬೇಕು. ಗಂಟು ಸಿಗದ ಹಾಗೂ ಆಗಬೇಕು, ಅಕಸ್ಮಾತ್ ಸಿಕ್ಕರೂ ಪುಸ್ತಕ ಸಿಗಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಿನ್ನನ್ನು ಕರೆದೊಯ್ಯಲು ಆಗುವುದಿಲ್ಲ ಅಕ್ಕಾ ಎಂಬ ಒಂದು ಮಾತು ಹೇಳಲಾರದ ಗಂಡಸು ಆರು ತಿಂಗಳು ಆಕೆಗೆ ಪಾಸ್‌ಪೋರ್ಟು ಮಾಡಿಸಿದ, ಸೂಜಿ ಚುಚ್ಚಿಸಿದ, ಖಂಡಾಳಾ ಘಾಟು ಇಳಿಸಿದ. ಬೈಗುಳವನ್ನೂ ಆಕೆಗೇ ತಿನ್ನಿಸಿದ. ನನ್ನ ಗಂಡನನ್ನು ನಾನು ಏಕವಚನದಲ್ಲಿ ನೆನೆದದ್ದು ಅದೇ ಮೊದಲು.

ಪುಸ್ತಕವನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟೆ. ಸಂಜೆ ಕೇಳಿಬಿಡಬೇಕು ಎಂದು ಸಿದ್ಧವಾಗಿದ್ದೆ. ಇವರು ಬಂದು ಚಹಾ ಕೇಳಿದರು, ಕೊಟ್ಟೆ. ಕೇಳಲು ನನಗೆ ಯಾವ ಬಾಯಿ? ಟಿಕೀಟು ಮೂರೇ ಇದ್ದದ್ದನ್ನು ನಾನೂ ನೋಡಿದ್ದೆ. ಫೈಲಿನಲ್ಲಿ ಪುಸ್ತಕ ಇಲ್ಲದ್ದು ಇವರಿಗೆ ಯಾವಾಗ ಗೊತ್ತಾಯಿತೋ ತಿಳಿಯದು, ಅವರೂ ಕೇಳಲಿಲ್ಲ.

ಒಂದು ತಿಂಗಳ ಮೇಲೆ

ಗಂಗಕ್ಕನ ಕಾಗದ ಒಂದು ಭಾನುವಾರ ಊಟದ ಹೊತ್ತಿಗೆ ಕೈಗೆ ಬಂತು. ಎಸ್ಟೇಟಿನ ಆಫೀಸಿನಲ್ಲಿ ಎರಡು ದಿನದಿಂದ ಬಿದ್ದಿತ್ತಂತೆ. ಓದ್ರಿ ಪಪ್ಪಾ ಎಂದು ರೂಪಾ ಕುಣಿದಳು. ಇವರು ಗಟ್ಟಿಯಾಗಿ ಓದತೊಡಗಿದರು. ನಾನು ಹಂಚಿನ ಮುಂದೆ ನಿಂತಿದ್ದೆ.

"ಚಿರಂಜೀವಿ ತಮ್ಮಗ ಗಂಗಕ್ಕನ ಆಶೀರ್ವಾದ. ನಾ ಇಲ್ಲಿ ಅರಾಮ ಇದ್ದೀನಿ. ಆವತ್ತ ವಿಮಾನ ನೋಡೇ ಹೋಗೂಣಂತ ಗಾಡಿಯವಗ ಹೇಳಿ ರಸ್ತಾದಾಗ ನಿಂತಿದ್ದೆ. ನಾಕೈದು ಹಾರಿದ್ವು, ನಿಮ್ಮದು ಯಾವುದು ತಿಳೀಲಿಲ್ಲ, ಎಲ್ಲಾದಕ್ಕೂ ಕೈ ಮಾಡಿದೆ. ಸೋಮವಾರ ಬಸ್ಸ್ ಹತ್ತಿ ಧನಕವಡಿಗೆ ಹೋಗಿದ್ದೆ. ಶಿಂದೆಬಾಯಿ ಬಾರಾಮತಿಯಿಂದ ಬಂದಿದ್ದಳು. ಗಂಟು ಕೊಟ್ಟಳು. ಬಿಚ್ಚಿ ನೋಡಿದೆ..."

ಇವರ ಧ್ವನಿ ನಿಂತಿತು. ನಾನು ತಿರುಗಿ ನೋಡಲಿಲ್ಲ. ರೊಟ್ಟಿ ಹೊತ್ತುವ ವಾಸನೆ ಬರುತ್ತಿತ್ತು.

"ಮುಂದ ಓದ್ರಿ," ಎಂದೆ.

"...ಬಿಚ್ಚಿ ನೋಡಿದೆ. ನನ್ನ ಹಳದಿ ಪುಸ್ತಕ ಅಕ್ಕ್ಯಾಗ ಹೆಂಗಿಟ್ಟಿದ್ದೆ ಹಂಗ ಅದ. ಗಂಟು ಮನೀಗೆ ತರಬಾರದಂತ ಅಕ್ಕಿ ಮುಠಾ ಹೊಳಿಗೆ ಬಿಟ್ಟು, ಪುಸ್ತಕ ಟ್ರಂಕಿನಾಗ ಜೋಪಾನ ಇಟ್ಟೀನಿ. ಎಲ್ಲಾ ನನ್ನ ತಪ್ಪಿಂದ ಆತು. ನೀ ಮನಸಿಗೆ ಹಚ್ಚಕೋಬ್ಯಾಡ. ಶಾಂತಾ, ಅವನ ಮ್ಯಾಲೆ ಸಿಟ್ಟಾಗಬ್ಯಾಡ. ನೀವು ಅಲ್ಲಿ ನೆಟ್ಟಗಿರ್ರಿ."

"ಪುಸ್ತಕ ಸಿಕ್ಕದಲ್ಲ! ಹಂಗಾರ ಗಂಗತ್ತಿ ಬರ್ತಾಳಲ್ಲ ಈಗ?" ರೂಪಾ ಚಪ್ಪಾಳೆ ತಟ್ಟಿದಳು.

ಇವರು ಕಾಗದ ಮಡಿಸಿದರು. ಮಡಿಸಿದ್ದನ್ನು ಮತ್ತೆ ಬಿಚ್ಚಿ ಮತ್ತೆ ಮಡಿಸಿದರು. "ಬರ್ತಾಳ," ಎಂದರು.

"ಯಾವಾಗ?"

ಇವರು ಕಾಗದವನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ನನ್ನ ಮಗ್ಗುಲಲ್ಲೇ ಹಿಟ್ಟಿನ ಡಬ್ಬಿ ಇತ್ತು. ಕೈ ಹಾಕಿ ತೆಗೆದು ತಟ್ಟೆಯ ಪಕ್ಕದಲ್ಲಿ ಇಟ್ಟುಬಿಡಬಹುದಿತ್ತು. ಇಟ್ಟಿದ್ದರೆ ಇವರ ಸುಳ್ಳಿನ ಜೊತೆಗೆ, ಅದನ್ನು ಮುಚ್ಚಲು ಯೆರವಡಾದಲ್ಲಿ ಕುಳಿತು ಒಬ್ಬಳು ಕಷ್ಟಪಟ್ಟು ಬರೆದ ಸುಳ್ಳೂ ಬಯಲಾಗುತ್ತಿತ್ತು. ಹೊತ್ತಿದ ರೊಟ್ಟಿಯನ್ನೇ ಇವರ ತಟ್ಟೆಗೆ ಹಾಕಿದೆ. ಇವರು ಅದನ್ನು ಪೂರಾ ತಿಂದರು. 'ಪ್ರಸ್ಥಾನದ ಹುಚ್ಚು' ಎಂಬ ಮಾತು ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ.

ಯೆರವಡಾ

ಟಿಕೀಟು ಕಳಿಸುವ ಎರಡು ತಿಂಗಳು ಮೂರು ವರ್ಷವಾಯಿತು. ಗಂಗಕ್ಕನ ಕಾಗದಗಳು ಬರುತ್ತಲೇ ಇದ್ದವು. ಪ್ರತಿಯೊಂದರ ಕೊನೆಗೆ 'ಪುಸ್ತಕ ಜೋಪಾನ ಅದ' ಎಂಬ ಸಾಲು ತಪ್ಪುತ್ತಿರಲಿಲ್ಲ. ಅದನ್ನು ಓದುವಾಗ ಪ್ರತಿ ಸಲವೂ ಇವರು ಕೆಮ್ಮುತ್ತಿದ್ದರು. ರೂಪಾ ಮೊದಮೊದಲು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಮಗಳು ಕೇಳುವುದನ್ನು ಬಿಟ್ಟ ದಿನ ನನಗೆ ಆದ ಸಂಕಟ ಆಫ್ರಿಕಾದ ಯಾವ ಜ್ವರದಲ್ಲೂ ಆಗಲಿಲ್ಲ.

ಎಸ್ಟೇಟಿನ ಕೆಲಸ ಮುಗಿದು ಪುಣೆಗೆ ಮರಳಿದಾಗ ನೇರವಾಗಿ ಯೆರವಡಾಕ್ಕೆ ಹೋದೆವು. ಚಿಕ್ಕಪ್ಪನ ಮಗನ ಮನೆಯಲ್ಲಿ ಅಡುಗೆಮನೆಯ ಮೂಲೆಯೇ ಆಕೆಯ ಕೋಣೆ. ಕೂದಲು ಪೂರಾ ಬೆಳ್ಳಗಾಗಿತ್ತು. ಇವರು ಕಾಲಿಗೆ ಬಿದ್ದರು, ಬಿದ್ದವರು ಸ್ವಲ್ಪ ಹೊತ್ತು ಏಳಲಿಲ್ಲ. "ಭಾಳ ಸಣ್ಣಗಾಗೀಯಲ್ಲೋ, ಅಲ್ಲಿ ರೊಟ್ಟಿ ಸಿಗತಿದ್ದಿಲ್ಲೇನು?" ಎಂದು ಆಕೆ ತಲೆ ಸವರಿದಳು. ರೂಪಾ ಆಕೆಯ ಹೆಗಲಿಗೆ ಮುಖ ಒತ್ತಿ ನಿಂತಳು. ಈಗ ಅವಳೇ ಆಕೆಗಿಂತ ಎತ್ತರ.

ಇವರು ಹೊರಗಿನ ಕೋಣೆಯಲ್ಲಿ ಚಹಾಕ್ಕೆ ಕುಳಿತಾಗ ನಾನು ಒಳಗೆ ಹೋದೆ. ಮೂರು ವರ್ಷ ಹಿಟ್ಟಿನ ಡಬ್ಬಿಯಲ್ಲಿದ್ದ ಹಳದಿ ಪುಸ್ತಕವನ್ನು ಪರ್ಸಿನಿಂದ ತೆಗೆದು ಆಕೆಯ ಕೈಗೆ ಕೊಟ್ಟೆ. "ನನಗೂ ಗೊತ್ತಿತ್ರೀ ಅಕ್ಕಾ. ಮುಂಬೈದಾಗ ಟಿಕೀಟ್ ಮೂರೇ ಇದ್ವು, ನಾ ನೋಡಿದ್ದೆ," ಎಂದಷ್ಟೇ ಹೇಳಿದೆ.

ಗಂಗಕ್ಕ ಪುಸ್ತಕ ಬಿಡಿಸಿ ತನ್ನ ಸಹಿ ನೋಡಿದಳು. ಹಾಳೆಗೆ ಹತ್ತಿದ್ದ ಅರಿಷಿಣವನ್ನು ಹೆಬ್ಬೆರಳಿನಿಂದ ಒರೆಸಿದಳು. ಆಮೇಲೆ ಹೊರಗಿನ ಕೋಣೆಯ ಕಡೆ ಒಮ್ಮೆ ನೋಡಿ, ಸೆರಗಿನಲ್ಲಿ ಅದನ್ನು ಮುಚ್ಚಿಕೊಂಡು, ದನಿ ತಗ್ಗಿಸಿದಳು.

"ಮೆಲ್ಲಕ ಮಾತಾಡ ಶಾಂತಾ. ತಮ್ಮ ಕೇಳ್ಯಾನು, ಪಾಪ ನೊಂದ್ಕೋತಾನ."